ಹನ್ನೊಂದು ಜನರ ಫ್ಯಾಮಿಲಿ ಫೋಟೋ: ಎಲ್ಲರೂ ಬಿಗಿದುಕೊಂಡು ನಿಲ್ಲದಿರಲು ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್, ನಾನು ಹಾಸನದವಳು. ಡಿಸೆಂಬರ್ ಕೊನೆಯ ವಾರ ನಮ್ಮ ಅತ್ತೆ ಮಾವನ ಮದುವೆಗೆ 50 ವರ್ಷ ತುಂಬುತ್ತದೆ. ಮೈದುನನ ಮನೆಯವರೂ ಪುಣೆಯಿಂದ ಬರುತ್ತಾರೆ. ಒಟ್ಟು ಹನ್ನೊಂದು ಜನ. ಅತ್ತೆಗೆ ಮಂಡಿನೋವು, ನನ್ನ ಮಗನಿಗೆ ಮೂರು ವರ್ಷ, ನಮ್ಮ ಯಜಮಾನರಿಗೆ ಕ್ಯಾಮೆರಾ ಕಂಡರೇ ಆಗಲ್ಲ. ಹೋದ ಸಲ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದಲ್ಲಿ ಎಲ್ಲರೂ ಆಧಾರ್ ಕಾರ್ಡಿಗೆ ನಿಂತ ಹಾಗಿದ್ದೆವು. ಈ ಸಲ ಮುಳ್ಳಯ್ಯನಗಿರಿಯಲ್ಲಿ ತೆಗೆಸೋಣ ಅಂತಾರೆ ಮೈದುನ. ಬೇಲೂರು ಅಂತಾರೆ ಮಾವ. ಆಲ್ದೂರಿನ ಹತ್ತಿರ ನಮ್ಮ ನೆಂಟರ ಕಾಫಿ ತೋಟವೂ ಇದೆ. ಯಾವುದು ಒಳ್ಳೆಯದು?

ಉತ್ತರ: ತೋಟ. ಯೋಚನೆಯೇ ಬೇಡ ಮೇಡಂ.

ಮುಳ್ಳಯ್ಯನಗಿರಿಯಲ್ಲಿ ಮೆಟ್ಟಿಲು ಹತ್ತಬೇಕು, ಗಾಳಿಗೆ ಸೆರಗು ನಿಲ್ಲಲ್ಲ. ವರ್ಷದ ಕೊನೆಯ ವಾರ ಆ ರಸ್ತೆಯ ಗಾಡಿಗಳ ಸಾಲು ನಿಮಗೆ ಗೊತ್ತೇ ಇದೆ. ಬೇಲೂರಿನಲ್ಲಿ ಬರಿಗಾಲಲ್ಲಿ ನಿಲ್ಲಬೇಕು, ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಒಮ್ಮೆ ನಾನೇ ಬುದ್ಧಿಯಿಲ್ಲದೆ ಒಂದು ಕುಟುಂಬವನ್ನು ಹಳೇಬೀಡಿನ ಕಲ್ಲಿನ ಮೇಲೆ ಮಧ್ಯಾಹ್ನ ನಿಲ್ಲಿಸಿದ್ದೆ. ಒಬ್ಬರ ಕಣ್ಣೂ ಬಿಟ್ಟಿರಲಿಲ್ಲ. ಪಾದ ಸುಡುವಾಗ ನಗು ಎಲ್ಲಿಂದ ಬರಬೇಕು?

ತೋಟದಲ್ಲಿ ಮನೆ ಇರುತ್ತದೆ. ಅತ್ತೆಗೆ ಕುರ್ಚಿ, ಮಗುವಿಗೆ ಬಚ್ಚಲು, ಎಲ್ಲರಿಗೂ ಕಾಫಿ. ಆದರೆ ಡಿಸೆಂಬರ್ ಅಂದರೆ ಹಣ್ಣು ಕೊಯ್ಯುವ ಸಮಯ. ನೆಂಟರನ್ನು ಮೊದಲೇ ಕೇಳಿ, ಕಣದಲ್ಲಿ ಹರವಿದ ಕಾಫಿ ಮೇಲೆ ಮಕ್ಕಳು ಓಡಿದರೆ ಬೈಗುಳ ಗ್ಯಾರಂಟಿ.

ಸಂಜೆ ನಾಲ್ಕಕ್ಕೆ ಶುರು ಮಾಡಿ. ಸೂರ್ಯ ಮುಳುಗುವುದು ಆರರ ಸುಮಾರಿಗೆ, ಆದರೆ ಸಿಲ್ವರ್ ಓಕ್ ಮರಗಳ ಕೆಳಗೆ ಐದೂಕಾಲಿಗೇ ಬೆಳಕು ಸತ್ತುಹೋಗುತ್ತದೆ. ಮಗ ಮಧ್ಯಾಹ್ನ ಮಲಗಿ ಎದ್ದಿರಲಿ. ಹೊಟ್ಟೆ ತುಂಬಿರಲಿ. ಲಂಚಕ್ಕೆ ಚಾಕೊಲೇಟ್ ಬೇಡ, ಬಾಯಿ ಸುತ್ತ ಮೀಸೆ ಬರುತ್ತದೆ. ಏಲಕ್ಕಿ ಬಾಳೆ ಸಾಕು.

ಹನ್ನೊಂದು ಜನರ ಫೋಟೋ ಮೊದಲು ತೆಗೆದುಬಿಡಬೇಕು, ಹದಿನೈದು ನಿಮಿಷದೊಳಗೆ. ಆಮೇಲೆ ಅತ್ತೆ ಆರಾಮಾಗಿ ಕೂರಲಿ. ಮರದ ಎಲೆಗಳ ನಡುವೆ ಬೀಳುವ ಬಿಸಿಲು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಅದಕ್ಕೇ ಜಗಲಿಯ ನೆರಳು ವಾಸಿ. ಗುಂಪು ಫೋಟೋ ನಾನು ಕಡಿಮೆ ಅಂದರೂ ಇಪ್ಪತ್ತು ಸಲ ಕ್ಲಿಕ್ ಮಾಡುತ್ತೇನೆ, ಯಾರಾದರೂ ಒಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಐದನೇ ಕ್ಲಿಕ್ಕಿಗೇ "ಆಯ್ತಾ, ಆಯ್ತಾ" ಶುರು.

ಯಜಮಾನರ ಕೈಗೆ ಕೆಲಸ ಕೊಡಿ. ಮಗನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲಿ, ಅಪ್ಪನಿಗೆ ಕಾಫಿ ಕೊಡಲಿ. ಸುಮ್ನೆ ಕೈಕಟ್ಟಿ ನಿಲ್ಲಿಸಿದರೆ ಯಾರಾದರೂ ಬಿಗಿಯುತ್ತಾರೆ, ಅವರೊಬ್ಬರೇ ಅಲ್ಲ. ಮತ್ತೆ, ದಯವಿಟ್ಟು ನನ್ನ ಹಿಂದೆ ನಿಂತು ಮಗುವಿಗೆ "ನಗು, ನಗು" ಅಂತ ಯಾರೂ ಕೂಗಬೇಡಿ. ಅದು ಅಲ್ಲಿಗೆ ಮುಗಿಯಿತು.

ಬಟ್ಟೆಯನ್ನು ಅತ್ತೆಯ ಸೀರೆಯಿಂದ ಶುರು ಮಾಡಿ, ಉಳಿದವರು ಅದಕ್ಕೆ ಹೊಂದಿಸಿಕೊಳ್ಳಲಿ. ಎಲ್ಲರಿಗೂ ಒಂದೇ ಬಣ್ಣ ಬೇಡ, ಬ್ಯಾಂಡ್‌ಸೆಟ್ ತಂಡದ ಹಾಗೆ ಕಾಣುತ್ತೀರಿ. ಕಾಫಿ ಗಿಡದ ಮುಂದೆ ಹಸಿರು ಕಳೆದುಹೋಗುತ್ತದೆ. ಸಾಸಿವೆ ಹಳದಿ, ಮರೂನ್, ಕೆನೆ ಬಣ್ಣ ಚೆನ್ನ. ತೀರಾ ಸಣ್ಣ ಗೆರೆಯ ಶರ್ಟು ಫೋಟೋದಲ್ಲಿ ಅಲೆ ಅಲೆಯಾಗಿ ಕಾಣಬಹುದು. ಮಗುವಿನ ಹೊಸ ಬಟ್ಟೆಯನ್ನು ಒಂದು ದಿನ ಮೊದಲೇ ಹಾಕಿ ನೋಡಿ, ಚುಚ್ಚಿದರೆ ಹಳೆಯದೇ ಇರಲಿ.

ಇನ್ನೊಬ್ಬ ಸದಸ್ಯರು: ಸರ್, ನಾವು ಆಗಸ್ಟ್‌ನಲ್ಲಿ ಎಂಟು ತಿಂಗಳ ಪಾಪು ಜೊತೆ ಶೆಟ್ಟಿಹಳ್ಳಿ ಚರ್ಚ್ ಹತ್ತಿರ ತೆಗೆಸಬಹುದಾ?

ಉತ್ತರ: ಮಳೆ ಚೆನ್ನಾಗಿ ಆದರೆ ಆಗ ಹೇಮಾವತಿ ಹಿನ್ನೀರು ಚರ್ಚನ್ನು ಸುತ್ತಿಕೊಂಡಿರುತ್ತದೆ. ನೋಡಲು ಚಂದ, ಆದರೆ ದಡ ಜಾರುತ್ತದೆ. ಪಾಪುವನ್ನು ಎತ್ತಿಕೊಂಡು ಬೇಡ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೋಗಿ, ಆಗಲೂ ಹಳೆಯ ಗೋಡೆಗಳಿಂದ ದೂರವೇ ನಿಲ್ಲಿ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಒಂದೇ ಸಮಸ್ಯೆ. ಅತ್ತೆ ಹಸಿರು ಇಳಕಲ್ ಸೀರೆಯನ್ನೇ ಉಡುತ್ತೇನೆ ಅಂತ ಹಟ ಹಿಡಿದಿದ್ದಾರೆ. ಮಾವ ಕೊಡಿಸಿದ್ದಂತೆ.

ಉತ್ತರ: ಹಾಗಾದರೆ ಅದೇ ಇರಲಿ ಮೇಡಂ. ಗಿಡದ ಮುಂದೆ ಬೇಡ, ಜಗಲಿಯಲ್ಲಿ ಕೂರಿಸೋಣ. ಆ ಮನೆಯ ನೆಲ ಕೆಂಪು ಗಾರೆಯದ್ದಾ, ಸ್ವಲ್ಪ ಕೇಳಿ ಹೇಳಿ.