ಮಂಡಕ್ಕಿ ಅಂಗಡಿಯಲ್ಲಿ ಜೈಸಲ್ಮೇರ್

ದಾವಣಗೆರೆಯಲ್ಲಿ ಸಂಜೆ ನಾಲ್ಕು ಜನ ಮಂಡಕ್ಕಿ-ಮಿರ್ಚಿ ಮುಂದೆ ಕೂತರೆ ಯಾವ ವಿಷಯಕ್ಕೂ ಉಳಿಗಾಲವಿಲ್ಲ. ಮೊನ್ನೆ ನಮ್ಮ ಕೈಗೆ ಸಿಕ್ಕಿದ್ದು ಮರಳು. ಗುಂಪಿನಲ್ಲಿರುವ ಬ್ಯಾಂಕಿನವನು ಹೊಸ ಕ್ಯಾಮೆರಾ ಕೊಂಡಿದ್ದಾನೆ. ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್ ಆಚೆ, ಸಮ್ ಅನ್ನುವ ಕಡೆ ಮರಳ ದಿಬ್ಬಗಳ ಫೋಟೋ ತೆಗೆಯುತ್ತಾನಂತೆ.

"ಅಷ್ಟು ದೂರ ಯಾಕೋ? ತಲಕಾಡಿಗೆ ಹೋಗಿ ಬಾ," ಅಂದ ಸ್ಟುಡಿಯೋದವನು.

"ಅಲ್ಲಿ ಮರಳಿನ ನಡುವೆ ಮರಗಳು ಬರುತ್ತವೆ."

"ಹಾಗಾದರೆ ನಮ್ಮ ಮನೆ ಮುಂದೆ ಎಂ-ಸ್ಯಾಂಡ್ ಇಳಿಸಿದ್ದಾರೆ. ಟಿಕೆಟ್ ಇಲ್ಲ. ಬೆಕ್ಕಿನ ಹೆಜ್ಜೆ ಬೇರೆ ಫ್ರೀ."

"ಹೆಜ್ಜೆ ಅಂದೆಯಲ್ಲ, ಅದೇ ಮುಖ್ಯ," ಅಂದರು ಫಿಸಿಕ್ಸ್ ಮೇಷ್ಟ್ರು. "ದಿಬ್ಬ ಕಂಡ ಕೂಡಲೇ ಹತ್ತಬೇಡ. ಮೊದಲು ಫೋಟೋ. ನೀನು ಒಂದು ಸಲ ಓಡಾಡಿದೆಯೋ, ಆಮೇಲೆ ಏನು ತೆಗೆದರೂ ನಿನ್ನ ಚಪ್ಪಲಿಯದೇ ಚಿತ್ರ."

"ಮಧ್ಯಾಹ್ನ ಹೋದರೆ ಬೆಳಕು ಜಾಸ್ತಿ ಇರುತ್ತೆ, ಅಲ್ವಾ?"

ಮೇಷ್ಟ್ರು ಕಚ್ಚಿದ್ದ ಮಿರ್ಚಿಯನ್ನು ತಟ್ಟೆಗೆ ಇಳಿಸಿದರು. ಎದ್ದು ಹೋಗಿ ಅಂಗಡಿಯ ಮಂಡಕ್ಕಿ ರಾಶಿಯ ಮೇಲೆ ಮೊಬೈಲ್ ಟಾರ್ಚ್ ಹಿಡಿದರು. ಬರೀ ಬಿಳಿ ಗುಡ್ಡೆ. ಟಾರ್ಚನ್ನು ಪಕ್ಕಕ್ಕೆ ತಂದು ಕೆಳಗೆ ಹಿಡಿದರು. ಒಂದೊಂದು ಕಾಳಿಗೂ ನೆರಳು ಬಂತು. ಉಬ್ಬು, ತಗ್ಗು ಎಲ್ಲ ಎದ್ದು ನಿಂತವು.

"ಬೆಳಗ್ಗೆ, ಸಂಜೆ ಸೂರ್ಯ ಹೀಗಿರುತ್ತಾನೆ. ಮರಳಿನ ಮೇಲೆ ಗಾಳಿ ಎಳೆದ ಗೆರೆ ಕಾಣುವುದು ಆಗಲೇ. ಆದರೆ ನೆರಳು ನಿನಗೋಸ್ಕರ ಕಾಯಲ್ಲ. ಜಾಗ ಮೊದಲೇ ನೋಡಿಟ್ಟುಕೋ."

"ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸು, ಅಂದರೆ ಒಳಗೆ ಬರುವ ಬೆಳಕು ಎರಡರಷ್ಟು ಮಾಡು," ಅಂದ ಸ್ಟುಡಿಯೋದವನು. "ಹೊಳೆಯುವ ಮರಳು ಕಂಡರೆ ಕ್ಯಾಮೆರಾ ಹೆದರಿ ಬೆಳಕು ಇಳಿಸುತ್ತೆ, ಮರಳು ಬೂದಿ ಬಣ್ಣಕ್ಕೆ ತಿರುಗುತ್ತೆ. ಬಿಳಿ ಪಂಚೆಯ ಬೀಗರನ್ನು ತೆಗೆಯುವಾಗಲೂ ನನಗೆ ಇದೇ ಪಾಡು."

"ಗಾಳಿ ಬಂದರೆ ಕ್ಯಾಮೆರಾ ಬ್ಯಾಗಿಗೆ ಹಾಕಿಬಿಡ್ತೀನಿ."

"ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ನೋಡುತ್ತಾ ಬೆಳೆದವನು ಗಾಳಿಗೆ ಹೆದರ್ತೀಯಾ?" ಮೇಷ್ಟ್ರಿಗೆ ಹುರುಪು ಬಂತು. "ಗಾಳಿ ಬರಲಿ ಅಂತ ಹರಕೆ ಹೊರು! ಹಿಂದಿನ ದಿನದ ಜನ, ಒಂಟೆ, ಜೀಪು, ಎಲ್ಲದರ ಗುರುತು ಅಳಿಸುವುದು ಅದೇ. ಮರಳ ಕಾಳು ಕುಪ್ಪಳಿಸಿ ಬೀಳುತ್ತೆ, ಬಿದ್ದಲ್ಲಿ ಇನ್ನಷ್ಟು ಕಾಳುಗಳನ್ನು ಎಬ್ಬಿಸುತ್ತೆ. ಗಾಳಿ ಹೊಡೆಯುವ ಕಡೆಯಿಂದ ನಿಧಾನಕ್ಕೆ ಏರಿ, ತುದಿ ದಾಟಿ, ಆಚೆ ಕಡೆ ಬೀಳುತ್ತೆ. ಆಚೆ ಕಡೆ ಇಳಿಜಾರು ಸುಮಾರು 34 ಡಿಗ್ರಿ. ಅದಕ್ಕಿಂತ ಕಡಿದಾದರೆ ಒಣ ಮರಳು ಜಾರಿಬಿಡುತ್ತೆ. ಆ ಎರಡು ಇಳಿಜಾರು ಸೇರುವ ಅಂಚು ಇದೆಯಲ್ಲ, ಒಂದು ಕಡೆ ಬಿಸಿಲು, ಒಂದು ಕಡೆ ನೆರಳು, ನಿನ್ನ ಫೋಟೋ ಅಲ್ಲಿದೆ. ಗಾಳಿಗೆ ಅಂಚಿನ ಮರಳು ಹಾರುವಾಗ ಸೂರ್ಯನಿಗೆ ಎದುರಾಗಿ ನಿಂತು ತೆಗೆ."

ನನಗಂತೂ ಮೇಷ್ಟ್ರ ಮಾತೇ ಸರಿ ಅನ್ನಿಸಿತು. ಗಾಳಿ ಇಲ್ಲದ ಮರಳು ಬರೀ ಮರಳು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಫ್ಯಾನನ್ನು ರಾಶಿಯ ಕಡೆ ತಿರುಗಿಸಿ ಸ್ವಿಚ್ ಹಾಕಿದರು.

ಬ್ಯಾಂಕಿನವನು ಹೊಸ ಲೆನ್ಸ್ ತೋರಿಸಲು ಹಳೆಯದನ್ನು ಆಗಷ್ಟೇ ಬಿಚ್ಚಿದ್ದ.

"ನೋಡು, ಬಯಲಲ್ಲಿ ಲೆನ್ಸ್ ಬದಲಿಸಬಾರದು ಅನ್ನುವುದು ಇದಕ್ಕೇ," ಅಂದರು ಮೇಷ್ಟ್ರು, ಪಾಠದ ದನಿಯಲ್ಲೇ.

"ಅಯ್ಯೋ ಒರೆಸಬೇಡ! ಮರಳಾದರೆ ಗೀರು ಬೀಳುತ್ತೆ," ಸ್ಟುಡಿಯೋದವನು ಕೂಗಿದ. "ಬ್ಲೋವರ್ ತಗೊಂಡು ಊದು."

"ಊದೋದು ಆಮೇಲೆ," ಅಂಗಡಿಯವರು ಫ್ಯಾನ್ ಆರಿಸಿದರು. "ಹಾರಿದ್ದು ಎಷ್ಟು ಸೇರು? ಅದನ್ನೂ ಲೆಕ್ಕ ಹಾಕಿಬಿಡಿ ಮೇಷ್ಟ್ರೇ."