ಕಾಕಾ, ಆ ವಿಡಿಯೋ ಯಾರಿಗೆ ಕಳಿಸಿದ್ದು?

(ನಮ್ಮ ಮನೆತನದ ವಾಟ್ಸಾಪ್ ಗುಂಪಿನಿಂದ. ಹೆಸರು ಬದಲಿಸೇನಿ, ಗುಡ್ ಮಾರ್ನಿಂಗ್ ಗುಲಾಬಿ ತೆಗೆದೇನಿ. ಜಗಳ ಇದ್ದಂಗ ಐತಿ.)

ಶಿವಾನಂದ ಕಾಕಾ: [ವಿಡಿಯೋ] ಒಲಿಂಪಿಕ್ ಶೂಟಿಂಗ್ ವೀರ ಅಭಿನವ್ ಬಿಂದ್ರಾ ಹೇಳಿದ ಜೀವನ ಸತ್ಯ. ಗುರಿಯೊಳಗ ಸುಖ ಇಲ್ಲ, ದಾರಿಯೊಳಗ ಐತಿ. ಎಲ್ಲಾರೂ ತಪ್ಪದ ನೋಡ್ರಿ 🙏

ಸುನೀತಾ: ಕಾಕಾ, ಈಗಷ್ಟ ನಾ ಡೈರೆಕ್ಟರ್ ಆದ ಸುದ್ದಿ ಹಾಕೇನಿ. ಅದಕ್ಕ ನಿಮ್ಮ ಉತ್ತರ ಇದೇನು?

ಶಿವಾನಂದ ಕಾಕಾ: ಅಯ್ಯ ಇಲ್ಲವ್ವಾ, ನಿನ್ನ ಸುದ್ದಿ ನೋಡೇ ಇಲ್ಲ. ಬ್ಯಾಂಕಿನ ರಿಟೈರ್ಡ್ ಮಂದಿ ಗುಂಪಿನಾಗ ಬಂದಿತ್ತು, ಫಾರ್ವರ್ಡ್ ಮಾಡಿಬಿಟ್ಟೆ. ಅಭಿನಂದನೆ 💐 ಆದ್ರೂ ಒಮ್ಮೆ ನೋಡು, ಚಲೋ ಐತಿ.

ಮಂಜು: ಬಂಗಾರ ಕೊಳ್ಳಾಗ ಬಿದ್ದ ಮ್ಯಾಲೆ ಎಲ್ಲಾರೂ ಹಿಂಗಽ ಅಂತಾರ. ಏಳನೇ ನಂಬರ್ ಬಂದಾವ ಹೇಳ್ಲಿ, ಕೇಳ್ತೇನಿ.

ಪ್ರಭು ಅಣ್ಣ: ಏಳನೇ ನಂಬರ್ ಬಂದಾವನೂ ಅವನಽ ಮಾರಾಯಾ. 2004ರ ಅಥೆನ್ಸ್ ಫೈನಲ್‌ನಾಗ ಏಳನೇದಾವ. 2008ರಾಗ ಬೀಜಿಂಗ್ ಬಂಗಾರ. 2016ರಾಗ ರಿಯೋದೊಳಗ ಶೂಟ್ ಆಫ್ (ಅಂಕ ಸಮ ಆದಾಗ ಮತ್ತ ಗುಂಡು ಹೊಡೆಯೂದು) ಸೋತು ನಾಲ್ಕನೇದಾವ, ಕಂಚೂ ಸಿಗಲಿಲ್ಲ.

ಮಂಜು: ಮನ್ಯಾಗಽ ಶೂಟಿಂಗ್ ರೇಂಜ್ ಇದ್ದಾವಂಗ ದಾರಿ ಚಂದ ಇರತೈತಿ ಅಣ್ಣಾ. ನನ್ನ ದಾರಿ ಅಂದ್ರ ಸರಕಾರಿ ನೌಕರಿ ಪರೀಕ್ಷೆಗೆ ಓದೂ ಸಪ್ತಾಪುರದ ರೀಡಿಂಗ್ ರೂಮ್. ಮುಂದ ಪ್ಲೈವುಡ್, ಎರಡೂ ಬಾಜೂ ಪ್ಲೈವುಡ್. ಬಾಜೂದಾವ ಪಿಎಸ್‌ಐ ಆಗಿ ಹ್ವಾದ. ಅವನ ಖುರ್ಚಿಗೆ ಬಂದಾವನೂ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆದ. ನಾ ಇನ್ನೂ ಅಲ್ಲೇ ಕುಂತು ದಾರಿ ಸುಖ ಉಣ್ಣಾಕತ್ತೇನಿ.

ಗಂಗಾ ಅತ್ತಿ: 😂😂

ಸುನೀತಾ: ಈಗ ಪೂರಾ ನೋಡಿದೆ. ಕಾಕಾ, ಅವ ದಾರಿಯೊಳಗ ಸುಖ ಐತಿ ಅಂದೇ ಇಲ್ಲ! ವರ್ಷಗಟ್ಟಲೆ ಒಂದಽ ಗುರಿ ಹಿಡದು ಬದುಕಿದೆ, ಗೆದ್ದ ಮ್ಯಾಲೆ ಒಳಗ ಖಾಲಿ ಆತು, ಮುಂದ ಏನು ಅಂತ ತಿಳೀಲಿಲ್ಲ ಅಂದಾನ. ಸುಖದ ಮಾತು ಯಾರೋ ಕೆಳಗ ಹಳದಿ ಅಕ್ಷರದಾಗ ಅಂಟಿಸ್ಯಾರ.
ಆ ಖಾಲಿ ನನಗೂ ಗೊತ್ತು. ಮೇಲ್ ಬಂತು, ನಾಕು ಮಂದಿಗೆ ಫೋನ್ ಹಚ್ಚಿದೆ, ಸಂಜೀಕ ಮತ್ತ ಅದಽ ಎಕ್ಸೆಲ್ ಶೀಟ್. ಹಂಗಂತ ಬಡ್ತಿ ಬ್ಯಾಡಾಗಿತ್ತು ಅನ್ನೂದಿಲ್ಲ. ಮನಿ ಸಾಲದ ಕಂತು ಯಾರು ತುಂಬಬೇಕು?

ಶಿವಾನಂದ ಕಾಕಾ: ಧಾರವಾಡದಾಗ ಹುಟ್ಟಿ ಹಿಂಗ ಮಾತಾಡ್ತೀರಿ? ಬಿಂದ್ರಾ ಬಿಡ್ರಿ, ನಮ್ಮ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರನ್ನ ನೋಡ್ರಿ. ಗ್ರಾಮಫೋನ್ ರೆಕಾರ್ಡ್ ಬಂದು ಹೆಸರಾಗಿತ್ತು. ಅಷ್ಟಾದ ಮ್ಯಾಲೆ ಹೋಗಿ ಮಂಜಿಖಾನರ ಮುಂದ ಶಿಷ್ಯ ಆಗಿ ಕುಂತರು. 1937ರಾಗ ಗುರು ತೀರಿಕೊಂಡ್ರು, ಆಮ್ಯಾಲೆ ಗುರುವಿನ ತಮ್ಮ ಭೂರ್ಜಿಖಾನರ ಕಡೆ ಕಲತ್ರು. ಪದ್ಮಶ್ರೀ ಬಂದಿದ್ದು 1970ಕ್ಕ, ಅರವತ್ತರ ಹೊಸ್ತಿಲಿನಾಗ. ಪದ್ಮವಿಭೂಷಣ 1992ರಾಗ, ಅದಽ ವರ್ಷ ತೀರಿಕೊಂಡ್ರು. ಪ್ರಶಸ್ತಿ ಬರ್ಲಿ ಆಮ್ಯಾಲೆ ಖುಷಿ ಪಡ್ತೇನಿ ಅಂದಿದ್ರ, ಅಷ್ಟು ವರ್ಷ ಹಾಡಾಕ ಆಗ್ತಿತ್ತೇನು?

ಪ್ರಭು ಅಣ್ಣ: ಆಕಾಶವಾಣಿಯೊಳಗ ಸಂಗೀತ ಸಲಹೆಗಾರರೂ ಆಗಿದ್ರು ಕಾಕಾ. ಅದನ್ನೂ ಬರೀರಿ.

ಸುನೀತಾ: ಆ ವಿಡಿಯೋಕ್ಕಿಂತ ಈ ಮಾತು ಎಷ್ಟೋ ಪಾಡ. ಆದ್ರ ಮನ್ಸೂರರಿಗೆ ಗುರಿ ಇರಲಿಲ್ಲ ಅನ್ನಬ್ಯಾಡ್ರಿ. ಶಿವಮತ ಭೈರವ, ಬಿಹಾರಿ ಅಂಥ ಅಪರೂಪದ ರಾಗ ವಶ ಮಾಡ್ಕೊಳ್ಳೂದು ಸಣ್ಣ ಗುರಿ ಏನು? ಫರಕ್ ಇಷ್ಟ: ರಾಗ ಕೈಗೆ ಬಂದ್ರೂ ಮರುದಿನ ಮುಂಜಾನೆ ಅದನ್ನ ಹಾಡೂದು ಇದ್ದಽ ಇರ್ತಿತ್ತು. ಪದಕ ಒಮ್ಮೆ ಬಂತಂದ್ರ ಮುಗೀತು.
ನನ್ನ ಚಿಂತಿ ಬ್ಯಾರೆ ಐತಿ. ನನಗ ಸೇರೂದು ಹೊಸಾ ಹುಡುಗೂರನ್ನ ಬಾಜೂ ಕುಂಡ್ರಿಸಿಕೊಂಡು ಕೆಲಸ ಕಲಿಸೂದು. ಈ ಹುದ್ದೆಯೊಳಗ ಅದಕ್ಕಽ ಟೈಮ್ ಇರೂದಿಲ್ಲ. ದಿನಾ ಮೀಟಿಂಗು.

ಪ್ರಭು ಅಣ್ಣ: ಬಿಂದ್ರಾನೂ ಬಂದೂಕು ಬಿಡ್ಲಿಲ್ಲ ಬಿಡು. 2014ರಾಗ ಗ್ಲಾಸ್ಗೋ ಕಾಮನ್‌ವೆಲ್ತ್‌ನಾಗ ಮತ್ತ ಬಂಗಾರ ತಂದ.

ಮಂಜು: ಅಕ್ಕಾ, ಮನ್ಸೂರರು ಹಾಡಿದ್ರು, ಬಿಂದ್ರಾ ಗುಂಡು ಹೊಡೆದ, ನೀ ಕಲಿಸ್ತಿ. ಮೂರೂ ಮಂದಿಗೂ ಕೈಯಾಗ ಕೆಲಸ ಐತಿ. ನನ್ನ ಕೆಲಸ ಇನ್ನೂ ಚಾಲೂನಽ ಆಗಿಲ್ಲ. ಕರೆಂಟ್ ಅಫೇರ್ಸ್ ಬಾಯಿಪಾಠ ಮಾಡೂದು ತಹಶೀಲ್ದಾರಕಿ ಅಲ್ಲ, ಅದು ಕಚೇರಿ ಬಾಗಿಲ ಮುಂದಿನ ಪಾಳಿ. ಪಾಳಿಯೊಳಗ ನಿಂತಾವಂಗ ನಿಂದ್ರೂದಽ ಸುಖ ಅಂತ ಯಾರರೆ ಹೇಳಿದ್ರ ಬಾಯಾಗ ಬರಬಾರದ್ದು ಬರತೈತಿ. ಅತ್ತಿ ಅದಾಳ ಅಂತ ಸುಮ್ಮನದೇನಿ.

ಶಿವಾನಂದ ಕಾಕಾ: ನಿನಗ ಅಂದಿದ್ದಲ್ಲೋ ತಮ್ಮಾ.

ಮಂಜು: ಮತ್ತ ಯಾರಿಗೆ? ಅಕ್ಕಗ ಅಲ್ಲ, ನನಗಲ್ಲ. ಅಣ್ಣ ಅಂತೂ ಅಂಕಿ-ಸಂಖ್ಯೆ ಹಾಕ್ಕೋತ ಆರಾಮ ಅದಾನ.

ಗಂಗಾ ಅತ್ತಿ (ವಾಯ್ಸ್ ಮೆಸೇಜ್, ಮೊಮ್ಮಗಳು ಟೈಪ್ ಮಾಡ್ಯಾಳ): ಅತ್ತಿ ಎಲ್ಲಾ ಕೇಳಾಕತ್ತಾಳಪಾ. ಮದುವಿ ಹಂಗಾಮಿನಾಗ ರೊಟ್ಟಿ ಆರ್ಡರ್ ಬಂದ್ರ ನಮಗ ಬೆನ್ನು ನೆಟ್ಟಗ ಮಾಡಾಕ ಹೊತ್ತಿರೂದಿಲ್ಲ. ರೊಟ್ಟಿ ಬಡಿಯೂದು ಸುಖ ಅಂತ ನಮ್ಮ ರೊಟ್ಟಿ ಕೇಂದ್ರದಾಗ ಯಾವಾಕಿನೂ ಅನ್ನೂದಿಲ್ಲ, ರಟ್ಟಿ ಹರಿದು ಹೋಗ್ತಾವ. ಆದ್ರ ನಾಕು ಮಂದಿ ಕೂಡಿ ಊರ ಸುದ್ದಿ ಮಾತಾಡ್ಕೋತ ಬಡಿದ್ರ ಹೊತ್ತು ಹ್ವಾದದ್ದು ತಿಳಿಯೂದಿಲ್ಲ. ಮಂಜ್ಯಾ, ನೀ ಒಬ್ಬಾವನಽ ಹಲಗಿ ನಡುವ ಕುಂಡ್ರತಿ. ಐತವಾರ ಇಲ್ಲೆ ಬಾ.

ಮಂಜು: ರೊಟ್ಟಿ ಬಡಿಯಾಕೇನು ಅತ್ತಿ?

ಗಂಗಾ ಅತ್ತಿ: ಲೆಕ್ಕ ಬರಿಯಾಕ. ರೊಕ್ಕ ಕೊಡ್ತೇನಿ, ಪುಕ್ಕಟ ಅಲ್ಲ.

ಶಿವಾನಂದ ಕಾಕಾ: ಅಂದ್ರ ನಾ ಕಳಿಸಿದ್ದು ಸರಿಯೋ ತಪ್ಪೋ, ಅದೊಂದು ಹೇಳ್ರಿ.

ಪ್ರಭು ಅಣ್ಣ: ವಿಡಿಯೋ ಸರಿ, ಕೆಳಗಿನ ಬರಹ ತಪ್ಪು, ಕಳಿಸಿದ ಹೊತ್ತು ಪೂರಾ ತಪ್ಪು.

ಶಿವಾನಂದ ಕಾಕಾ: ಎಲ್ಲಾರೂ ಭಾಳ ಶಾಣ್ಯಾರಾಗೀರಿ. ಅದಿರಲಿ ಸುನೀತಾ, ಡೈರೆಕ್ಟರ್‌ಗೆ ಪಗಾರ ಎಷ್ಟವ್ವಾ?

ಸುನೀತಾ: ಫೋನ್ ಹಚ್ಚಿ ಹೇಳ್ತೇನಿ ಕಾಕಾ.