ಅಪ್‌ಡೇಟ್: ಮತ್ತೆ ಸೇನೆಗೆ ನರ್ಸ್ ಆಗಿ ಸೇರಲು ವೇವರ್ ಸಿಕ್ಕಿತು

ಹಿಂದೆ ಕೇಳಿದ್ದೆ: ಅಮೆರಿಕದ ಆರ್ಮಿಯಲ್ಲಿ ಮೆಡಿಕ್ (ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಸೈನಿಕ) ಆಗಿದ್ದೆ, ಮೊಣಕಾಲಿನ ಪೆಟ್ಟಿನಿಂದ ಬಿಡಬೇಕಾಯಿತು, ಈಗ ಬಿಎಸ್‌ಎನ್ (ನರ್ಸಿಂಗ್ ಪದವಿ) ಮುಗಿಸಿ ಆರ್‌ಎನ್ (ನೋಂದಾಯಿತ ನರ್ಸ್) ಆಗಿದ್ದೇನೆ, ವಾಪಸ್ ಸೇರಬಹುದಾ ಅಂತ. ಮೆಡಿಕಲ್ ವೇವರ್ (ಆರೋಗ್ಯದ ಅಡ್ಡಿ ಇದ್ದರೂ ಸೇರಲು ಕೊಡುವ ವಿನಾಯಿತಿ) ಮಂಜೂರಾಗಿದೆ! ತುಂಬಾ ಖುಷಿಯಾಗಿದೆ.

ಸೇನೆ ಬಿಟ್ಟಾಗ ಕೊಡುವ ದಾಖಲೆಯಾದ ನನ್ನ ಡಿಡಿ 214ರಲ್ಲಿ ಆರ್‌ಇ-3 ಕೋಡ್ ಇತ್ತು. ವಾಪಸ್ ಸೇರಬಹುದೇ ಅಂತ ಹೇಳುವ ಕೋಡ್ ಇದು. ಆರ್‌ಇ-3 ಅಂದರೆ ವೇವರ್ ಸಿಕ್ಕರೆ ಸೇರಬಹುದು. ಆರ್‌ಇ-4 ಆಗಿದ್ದರೆ ತುಂಬಾ ಕಷ್ಟವಿತ್ತು. ಮೊದಲು ಭೇಟಿಯಾದ ರಿಕ್ರೂಟರ್ "ಆಗಲ್ಲ" ಅಂದುಬಿಟ್ಟಿದ್ದರು. ಆದರೆ ಅವರು ನೋಡುವುದು ಸಾಮಾನ್ಯ ಸೈನಿಕರ ಭರ್ತಿ. ನರ್ಸ್‌ಗಳು ಸೇರುವುದು ಆಫೀಸರ್‌ಗಳಾಗಿ, ಅಲ್ವಾ? ಅದಕ್ಕೆ ವೈದ್ಯಕೀಯ ವಿಭಾಗದ ರಿಕ್ರೂಟರ್‌ಗಳೇ ಬೇರೆ. ಇದನ್ನು ತಿಳಿಸಿದ ಅಕ್ಕನಿಗೆ ಮನಸಾರೆ ಥ್ಯಾಂಕ್ಸ್.

ಜಾಸ್ತಿ ಓಡಾಡಿಸಿದ್ದು ಹಳೆಯ ದಾಖಲೆಗಳು. ಮಾಜಿ ಸೈನಿಕರ ದಾಖಲೆ ಇಡುವ ಸೇಂಟ್ ಲೂಯಿಸ್‌ನ ಕೇಂದ್ರಕ್ಕೆ, ದಾಖಲೆ ಕೇಳುವ ಎಸ್‌ಎಫ್-180 ಫಾರಂ ಕಳಿಸಿ ತರಿಸಿಕೊಂಡೆ. ಆಪರೇಷನ್ ವರದಿಯ ಜೊತೆ ಮೂಳೆ ಡಾಕ್ಟರ ಹೊಸ ಪತ್ರವನ್ನೂ ಕೊಟ್ಟೆ. "ಗುಣವಾಗಿದೆ" ಅಂತ ಸುಮ್ನೆ ಬರೆಸಿದರೆ ಸಾಲದು. ಓಡಬಹುದು, ಭಾರ ಎತ್ತಬಹುದು, ಇಡೀ ಶಿಫ್ಟ್ ನಿಂತು ಕೆಲಸ ಮಾಡಬಹುದು ಅಂತ ಬಿಡಿಸಿ ಬರೆದಿರಬೇಕು.

ಇನ್ನು ಫೈಲ್ ಆಯ್ಕೆ ಮಂಡಳಿ ಮುಂದೆ ಹೋಗಬೇಕು. ವೇವರ್ ಸಿಕ್ಕಿತು ಅಂದರೆ ಸೀಟು ಸಿಕ್ಕಿತು ಅಂತಲ್ಲ. ಫಲಿತಾಂಶ ಬಂದ ಕೂಡಲೇ ತಿಳಿಸುತ್ತೇನೆ.